ಜಮದಗ್ನಿಯ ಗಂಟಲು

ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೋ ಎಂದು ಬುದ್ಧಿ ಹೇಳುವವರಿಗೆ ಬರವಿಲ್ಲ. ಐವತ್ತರ ಹತ್ತಿರ ಬಂದ ಹೆಂಗಸು ಒಬ್ಬ ರಾಕ್ ಹಾಡುಗಾರನ ಹಿಂದೆ ಊರೂರು ಅಲೆದದ್ದೇ ಹೆಚ್ಚು, ಅದರ ಮೇಲೆ ಸಿಟ್ಟು ಬೇರೆ ಕೇಡು ಎಂದು ನನ್ನ ತಮ್ಮನ ಹೆಂಡತಿ ಅಡುಗೆಮನೆಯಿಂದ ನನಗೆ ಕೇಳಿಸುವ ಹಾಗೇ ಅನ್ನುತ್ತಾಳೆ. ಅವಳಿಗೆ ನಾನು ಏನನ್ನೂ ವಿವರಿಸಲು ಹೋಗಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಪದ್ಮಾಕ್ಷಿ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಪ್ಪ ತೀರಿಕೊಂಡ ವರ್ಷ ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ. ಆಸ್ಪತ್ರೆ, ಸ್ಮಶಾನ, ತಿಥಿ ಎಲ್ಲವನ್ನೂ ಒಣಗಿದ ಕಣ್ಣಲ್ಲೇ ಮುಗಿಸಿದೆ. ಆಮೇಲೆ ಯಾವಾಗಲೋ ನಮ್ಮೂರ ಮೈದಾನಕ್ಕೆ ‘ತಗಡು’ ಎಂಬ ತಂಡ ಬಂತು. ಗಿಟಾರು, ಡ್ರಮ್ಮು, ನಡುವೆ ಜಮದಗ್ನಿ ಎಂದು ಹೆಸರಿಟ್ಟುಕೊಂಡ ಒಬ್ಬ ಸಣಕಲ. ಅವನ ಒಂದು ಹಾಡಿನಲ್ಲಿ ಇರುವುದು ಒಂದೇ ಪದ, ‘ಸಾಕು’. ಬೇಡುವ ಹಾಗೆ, ಬೈಯುವ ಹಾಗೆ, ಮಗುವನ್ನು ಮಲಗಿಸುವ ಹಾಗೆ ಅವನು ಆ ಒಂದೇ ಪದವನ್ನು ಹಾಡುತ್ತಾ ಹೋದ. ಮೈದಾನದ ಮಧ್ಯೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಅವತ್ತಿನಿಂದ ರಜೆ ಸಿಕ್ಕಾಗಲೆಲ್ಲ ನಾನು ಆ ತಂಡದ ಬಸ್ಸಿನ ಹಿಂದೆ.

ದಾರಿಯಲ್ಲಿ ಇಬ್ಬರು ಜೊತೆಯಾದರು. ಒಬ್ಬಳು ಕುಮುದಾ, ಮಕ್ಕಳ ಮದುವೆ ಮುಗಿಸಿ ಗಂಡನನ್ನು ಮನೆ ಕಾಯಲು ಬಿಟ್ಟು ಬರುವವಳು. ಇನ್ನೊಬ್ಬ ಏಕನಾಥ, ನಮ್ಮಿಬ್ಬರಿಗಿಂತ ಎಷ್ಟೋ ಚಿಕ್ಕವನು, ಟೈರಿನ ಅಂಗಡಿಯಲ್ಲಿದ್ದ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅವನು ಜಮದಗ್ನಿಯ ಹಾಡು ಹಾಡಿದರೆ ಕಂಡಕ್ಟರು ತಿರುಗಿ ನೋಡುತ್ತಿದ್ದ, ಯಾರೋ ಟೇಪ್ ಹಾಕಿದ್ದಾರೆ ಎಂದು. ನಾನು ಕಟ್ಟಿಕೊಂಡು ಹೋದ ಚಪಾತಿಯಲ್ಲಿ ಅರ್ಧ ಅವನಿಗೇ. ಮೂರು ವರ್ಷದ ಹಿಂದೆ, ಟೂರ್ ಇನ್ನೇನು ಶುರುವಾಗಬೇಕು ಎನ್ನುವಾಗ, “ಅಕ್ಕ, ನಾನಿನ್ನು ಬರಲ್ಲ” ಎಂದು ಫೋನಿನಲ್ಲಿ ಹೇಳಿದ. ಆಮೇಲೆ ಫೋನೂ ಎತ್ತಲಿಲ್ಲ. ನಾವು ಅವನನ್ನು ಬಾಯಿಗೆ ಬಂದ ಹಾಗೆ ಬೈದೆವು. ಅದೂ ಎಂಥ ಹೊತ್ತಿನಲ್ಲಿ ಬಿಟ್ಟು ಹೋದ. ಜಮದಗ್ನಿ ಹಿಂದೆಂದೂ ಹಾಡದ ಹಾಗೆ ಹಾಡಲು ಶುರು ಮಾಡಿದ್ದೇ ಆಗ. ವೇದಿಕೆಯ ಮೇಲೆ ಒಂದು ಮಾತೂ ಆಡುತ್ತಿರಲಿಲ್ಲ, ಬರೀ ಹಾಡು. ‘ಸಾಕು’ವಿನ ಕೊನೆಯ ಸಲಕ್ಕೆ ಮುಂಚೆ ಉಸಿರು ಹಿಡಿದು ಒಂದು ಚೂರು ತಡೆಯುತ್ತಿದ್ದ, ಅಲ್ಲಿ ನನ್ನ ಎದೆ ನಿಂತೇ ಹೋಗುತ್ತಿತ್ತು. ಮಾತು ಬಿಟ್ಟ ಮೇಲೆ ಹಾಡು ಮಾಗಿದೆ ಎಂದು ನಾನೇ ಕುಮುದಳ ಮುಂದೆ ಭಾಷಣ ಮಾಡಿದ್ದೇನೆ.

ಹೋದ ವರ್ಷದ ಟೂರಿನ ಕೊನೆಯ ಊರು ಯಾರಿಗೂ ಗೊತ್ತಿಲ್ಲದ ಊರು. ರೈಲು ಇಳಿದು, ಬಸ್ಸು ಹತ್ತಿ, ಆ ಬಸ್ಸೂ ಬಿಟ್ಟು ಟಂಟಂ ರಿಕ್ಷಾದಲ್ಲಿ ಹೋಗಬೇಕಾಯಿತು. ಲಾಡ್ಜು ಇರಲಿಲ್ಲ. ನೀಲವ್ವ ಎಂಬ ವಿಧವೆಯ ಮನೆಯಲ್ಲಿ ನಮಗೆ ಒಂದು ಕೋಣೆ ಸಿಕ್ಕಿತು. ಹೊಸಿಲು ದಾಟುವಾಗ ಕುಮುದಾ ಎಂದಿನಂತೆ ಗಟ್ಟಿಯಾಗಿ, “ಅಬ್ಬಾ, ಸೊಂಟ ಬಿದ್ದುಹೋಯ್ತು ಕಣೇ” ಅಂದಳು. ನೀಲವ್ವ ತುಟಿಯ ಮೇಲೆ ಬೆರಳಿಟ್ಟಳು.

“ಸಣ್ಣಗ ಮಾತಾಡ್ರಿ ಅಕ್ಕಾರ. ನೀವು ಹೋದ ಮ್ಯಾಲೆ ನಿಮ್ಮ ಸೊಂಟದ ಜೋಡಿ ಬಾಳೇ ಮಾಡೋರು ನಾವು.”

ನಮಗೆ ಅರ್ಥವಾಗಲಿಲ್ಲ. ಕೈಕಾಲು ತೊಳೆದು ಮತ್ತೆ ಹೊಸಿಲಿಗೆ ಬಂದು ನಿಂತಾಗ ಕುಮುದಳ ಸೊಂಟ ಬಿದ್ದುಹೋದ ಮಾತು ಅಲ್ಲೇ ಇತ್ತು, ಅದೇ ದನಿಯಲ್ಲಿ, ಅವಳು ಬಾಯಿ ತೆರೆದಿದ್ದ ಅದೇ ಎತ್ತರದಲ್ಲಿ. ನೀಲವ್ವ ಒಂದು ತಂಬಿಗೆ ನೀರು ತಂದು ಗಾಳಿಗೆ ಎರಚಿದಳು. ಮಾತು ಹೋಯಿತು.

ಆ ಊರಿನವರಿಗೆ ಇದು ವಿಶೇಷವೇ ಅಲ್ಲ. ಮೆಲ್ಲಗೆ ಆಡಿದ್ದು ಒಂದೆರಡು ದಿನ ನಿಲ್ಲುತ್ತದೆ, ಜೋರಾಗಿ ಆಡಿದ್ದು ಮಳೆ ಬಂದು ತೊಳೆಯುವ ತನಕ. ಹಾಗಾಗಿ ಸಂತೆಯಲ್ಲಿ ಯಾರೂ ಕೂಗುವುದಿಲ್ಲ, ಬದನೆಕಾಯಿಯನ್ನು ಎತ್ತಿ ತೋರಿಸುತ್ತಾರೆ. ಗಂಡಹೆಂಡಿರು ಜಗಳವಾಡುವುದಿದ್ದರೆ ಬಚ್ಚಲುಮನೆಗೆ ಹೋಗುತ್ತಾರೆ. ಮದುವೆಯಾದ ಮಾರನೆಯ ದಿನ ಹೆಣ್ಣು ನಿಂತಿದ್ದ ಜಾಗದಲ್ಲಿ ನಿಂತು, ಅವಳು ಧಾರೆಯ ಹೊತ್ತಿನಲ್ಲಿ ಗೊಣಗಿದ್ದೇನು ಎಂದು ಅತ್ತೆ ಕೇಳಿಸಿಕೊಳ್ಳುತ್ತಾಳಂತೆ. ನೀಲವ್ವನ ಓಣಿಯ ತಿರುವಿನಲ್ಲಿ ನಾಲ್ಕು ಕಂಬ ನೆಟ್ಟು ತಗಡಿನ ಮಾಡು ಹಾಕಿದ್ದರು. ಅದರ ಕೆಳಗೆ ಏನೂ ಇರಲಿಲ್ಲ. ಒಳಗೆ ಹೋಗಿ ನಿಂತರೆ, “ಬಾಳೂ, ಉಣ್ಣಾಕ ಬಾ” ಎಂದು ಒಬ್ಬ ಹೆಂಗಸು ಕರೆಯುವುದು ಕೇಳಿಸುತ್ತಿತ್ತು. ಆ ತಾಯಿ ಸತ್ತು ಎಷ್ಟೋ ವರ್ಷವಾಗಿತ್ತು. ಬಾಳು ಎಂಬ ಆ ಮಗ, ಈಗ ತಲೆ ನರೆತವನು, ಪ್ರತಿ ಬೇಸಿಗೆಯಲ್ಲಿ ಮಾಡಿನ ತೂತು ಮುಚ್ಚಿಸುತ್ತಿದ್ದ.

ಇಂಥ ಊರಿಗೆ ಜಮದಗ್ನಿಯನ್ನು ಕರೆತಂದವನು ಮ್ಯಾನೇಜರ್ ಚಕ್ರಪಾಣಿ. ‘ಈ ಊರಿನ ಗಾಳಿಯಲ್ಲಿ ಜಮದಗ್ನಿ ಉಳಿಯುತ್ತಾನೆ’ ಎಂದು ದೊಡ್ಡ ಬ್ಯಾನರು ಕಟ್ಟಿಸಿದ್ದ. ಅದನ್ನು ಓದಿ ನೀಲವ್ವ, “ಸ್ಪೀಕರಿನ ದನಿ ಉಳಿಯೂದಿಲ್ರಿ. ಮಶಿನ್‌ದ್ದು ಯಾವುದೂ ಇಲ್ಲಿ ನಿಲ್ಲಂಗಿಲ್ಲ. ಬಾಯಿಂದ, ಕೈಯಿಂದ ಎಲ್ಲಿ ಬಿತ್ತೋ ಅಲ್ಲಷ್ಟೇ” ಎಂದಳು. ಚಕ್ರಪಾಣಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ.

ಕಾರ್ಯಕ್ರಮ ಸಂಜೆ ಹೊತ್ತು ಮುಳುಗುವಾಗ ಶುರುವಾಯಿತು. ಊರಿಗೆ ಊರೇ ಬಂದಿತ್ತು, ಆದರೆ ಒಬ್ಬರೂ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಕಣ್ಣರಳಿಸಿ ಕೂತಿದ್ದರು. ಡ್ರಮ್ಮಿನವನು ಗಾಬರಿಯಾಗಿ ಎರಡು ಸಲ ತಾಳ ತಪ್ಪಿದ. ನನಗೆ ಮಾತ್ರ ಅಂಥ ಸಂಜೆ ಮತ್ತೊಂದಿಲ್ಲ ಅನ್ನಿಸಿತು. ಗದ್ದಲವಿಲ್ಲದ ಮೈದಾನದಲ್ಲಿ ಆ ದನಿ ನನಗೊಬ್ಬಳಿಗೇ ಹಾಡಿದ ಹಾಗಿತ್ತು. ನಾಳೆ ಬೆಳಿಗ್ಗೆ ಅವನು ನಿಂತ ಜಾಗದಲ್ಲೇ ನಿಂತು, ಸ್ಪೀಕರಿಲ್ಲದೆ, ಬಾಯಿಗೆ ಬಾಯಿ ಅನ್ನುವಷ್ಟು ಹತ್ತಿರದಿಂದ ಕೇಳಬಹುದಲ್ಲ ಎಂದು ನೆನೆದು ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೋದಾಗ ವೇದಿಕೆಯ ಮೇಲೆ ಆಗಲೇ ಸಾಲು ನಿಂತಿತ್ತು. ಡ್ರಮ್ಮಿನ ಜಾಗದಲ್ಲಿ ಡ್ರಮ್ಮಿನ ಸದ್ದು ಚೆನ್ನಾಗಿ ಉಳಿದಿತ್ತು. ಆದರೆ ಮೈಕಿನ ಜಾಗದಿಂದ ಕೆಳಗಿಳಿಯುತ್ತಿದ್ದ ಜನರ ಮುಖ ಯಾಕೋ ಗಂಟಿಕ್ಕಿತ್ತು. ನನ್ನ ಸರದಿ ಬಂತು. ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ ಕಡೆ ನಿಂತು ಕಣ್ಣು ಮುಚ್ಚಿದೆ.

ಹಾಡು ಇರಲಿಲ್ಲ. ಬರೀ ಉಸಿರು. ಕುಣಿದು ದಣಿದವನ ಏದುಸಿರು. ಬಳಿಕ ಹರಿದ ಕಾಗದದಂಥ ಒಂದು ಪಿಸುದನಿ: “ಸತ್ತ ಹೆಣಗಳು. ಚಪ್ಪಾಳೆನೂ ತಟ್ಟಲ್ಲ.” ಮತ್ತೆ ಏದುಸಿರು. ಸ್ವಲ್ಪ ಹೊತ್ತಿನ ಮೇಲೆ ಅದೇ ಪಿಸುದನಿ: “ಅವನ ಕೆಮ್ಮು ಕೇಳಿದ್ಯಾ? ಮೇಲಿನ ಸ್ವರ ಒಡೀತಾ ಇದೆ.” ಅದಕ್ಕೆ ಚಕ್ರಪಾಣಿಯ ಉತ್ತರ, ಪಕ್ಕದಿಂದ: “ಗೊತ್ತು. ಬೇರೆಯವನನ್ನ ನೋಡಿಟ್ಟಿದ್ದೀನಿ. ಇವತ್ತಿಂದು ಮುಗೀಲಿ, ಇವನನ್ನ ಮನೆಗೆ ಕಳಿಸೋಣ. ಈಗಲೇ ಬಾಯಿ ಬಿಡಬೇಡ.”

ನಾನು ಅಲ್ಲೇ ನಿಂತುಬಿಟ್ಟೆ. ಹಿಂದಿನವರು ಭುಜ ಮುಟ್ಟಿದಾಗ ಪಕ್ಕಕ್ಕೆ ಸರಿದೆ. ಆಗ ವೇದಿಕೆಯ ಹಿಂದಿನಿಂದ ನೀಲವ್ವ ಕೈಸನ್ನೆ ಮಾಡಿ ಕರೆದಳು. ಕಪ್ಪು ಪರದೆಯ ಆಚೆ, ಜನರೇಟರಿಗೆ ತಾಗಿ, ಪ್ಲೈವುಡ್ಡಿನ ಒಂದು ಗೂಡು. ಒಬ್ಬ ಮನುಷ್ಯ ಕೂರಬಹುದು, ಕಾಲು ಚಾಚುವ ಹಾಗಿಲ್ಲ. ಮುಂದಿನ ಹಲಗೆಯಲ್ಲಿ ಹೊರಗೆ ಇಣುಕಲು ಒಂದು ಕಿಂಡಿ. ಡೀಸೆಲ್ಲಿನ ವಾಸನೆ ಇನ್ನೂ ಹೋಗಿರಲಿಲ್ಲ.

“ಹಾಡು ಇಲ್ಲೈತಿ ನೋಡ್ರಿ” ಎಂದಳು ನೀಲವ್ವ.

ತಲೆ ಬಗ್ಗಿಸಿ ಒಳಗೆ ಕೂತೆ. ಹಾಡು ಅಲ್ಲಿತ್ತು, ಪೂರ್ತಿ ಇತ್ತು. ಸ್ಪೀಕರಿನ ಅಬ್ಬರ ಕಳಚಿದ ಮೇಲೆ ಉಳಿದ ದನಿಯನ್ನು ಗುರುತಿಸಲು ನನಗೆ ಒಂದು ಸಾಲೂ ಬೇಕಾಗಲಿಲ್ಲ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಹಾಡುತ್ತಿದ್ದವನೇ. ಮೊದಲನೆಯ ಹಾಡು ಮುಗಿದ ಮೇಲೆ ಮೈಕು ಆರಿಸಿದ ಸದ್ದಾಯಿತು, ಅವನು ಕೆಮ್ಮಿದ, ನೀರು ಕುಡಿದ, ಆಮೇಲೆ ತನಗೆ ತಾನೇ ಎಂಬಂತೆ ಅಂದ: “ಪದ್ಮಕ್ಕ ಬಂದಿದಾಳೆ. ಸೊರಗಿದಾಳೆ.”

ಎರಡು ವರ್ಷ ಊರೂರಿನಲ್ಲಿ ಅವನು ನನ್ನನ್ನು ಆ ಕಿಂಡಿಯಿಂದ ನೋಡಿದ್ದಾನೆ. ನಾನು ಅವನಿಗೆ ಕೃತಘ್ನ ಎಂದು ಹೆಸರಿಟ್ಟು, ಅವನ ಗಂಟಲಿಗೇ ಕೈ ಮುಗಿದುಕೊಂಡು ಕೂತಿದ್ದೇನೆ. ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ.

ಅಷ್ಟರಲ್ಲಿ ಮೈದಾನಕ್ಕೆ ನೀರಿನ ಟ್ಯಾಂಕರು ಬಂತು. ಏನಾಗಿದೆ ಎಂದು ಚಕ್ರಪಾಣಿಗೆ ಯಾರೋ ಹೇಳಿದ್ದರು. ಅವನು ಪೈಪು ಹಿಡಿದ ಇಬ್ಬರನ್ನು ಕರೆದುಕೊಂಡು ನೆಟ್ಟಗೆ ಗೂಡಿನ ಹತ್ತಿರ ಬಂದ.

“ಮೇಡಂ, ಹೊರಗೆ ಬನ್ನಿ. ಕ್ಲೀನಿಂಗ್ ಇದೆ.”

“ಬರಲ್ಲ. ನೀರು ಹೊಡೀರಿ, ನಾನೂ ನೆನೀತೀನಿ.”

“ಇದು ನಮ್ಮ ಪ್ರೈವೇಟ್ ಪ್ರಾಪರ್ಟಿ.”

“ಹಲಗೆ ನಿಮ್ಮದು, ತಗೊಂಡು ಹೋಗಿ. ಒಳಗಿರೋದು ನಿಮ್ಮದಲ್ಲ.”

ಕುಮುದಾ ಓಡಿ ಬಂದು ನನ್ನ ತೋಳು ಹಿಡಿದಳು. ಅವಳೂ ಮೈಕಿನ ಜಾಗದಲ್ಲಿ ನಿಂತು ಬಂದಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು; ಗೂಡಿಗೆ ತಲೆ ಹಾಕಿದೊಡನೆ ಏಕನಾಥನ ದನಿಯನ್ನೂ ಗುರುತು ಹಿಡಿದಳು. “ಬಾರೇ ಪದ್ಮಾ, ನಮಗ್ಯಾಕೆ. ಯಾರು ಹಾಡಿದ್ರೇನು, ನಮಗೆ ಹಾಡು ಸಿಕ್ತಲ್ಲ. ಅಷ್ಟು ದೂರದಿಂದ ಬಂದು ಎಲ್ಲ ಹಾಳು ಮಾಡ್ಕೋತೀಯಾ?” ನಾನು ತೋಳು ಬಿಡಿಸಿಕೊಂಡೆ. ಚಕ್ರಪಾಣಿ ಮಾಡುತ್ತಿದ್ದುದು ಅವನ ಕಸುಬು. ಇವಳು ಏಕನಾಥನ ಜೊತೆ ಒಂದೇ ಸೀಟಿನಲ್ಲಿ ಕೂತು ಬಂದವಳು, ಅವನಿಗೆ ಜ್ವರ ಬಂದಾಗ ತಲೆಗೆ ಒದ್ದೆಬಟ್ಟೆ ಹಾಕಿದವಳು. ಅವಳ ಮಾತಿಗೆ ಬಂದಷ್ಟು ಸಿಟ್ಟು ನನಗೆ ಇನ್ಯಾರ ಮೇಲೂ ಬಂದಿಲ್ಲ.

ಆಗ ಜಮದಗ್ನಿ ಬಂದ. ಹಗಲಿನಲ್ಲಿ ಅವನನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದೇ ಇಲ್ಲ. ಕತ್ತಿಗೆ ಮಫ್ಲರು, ಕಣ್ಣಿನ ಕೆಳಗೆ ಚೀಲ. ಮಫ್ಲರು ಸರಿಸಿ ಗಂಟಲಿನ ಅಡ್ಡಕ್ಕೆ ಇದ್ದ ಗಾಯದ ಗುರುತು ತೋರಿಸಿದ.

“ಆಪರೇಷನ್ ಆಯ್ತಮ್ಮ” ಎಂದ, ಅದೇ ಹರಿದ ಪಿಸುದನಿಯಲ್ಲಿ. “ಇಷ್ಟೇ ಉಳಿದಿರೋದು. ತಂಡದಲ್ಲಿ ಎಷ್ಟು ಜನ ಇದಾರೆ ನೋಡಿ. ನಾನು ನಿಂತುಬಿಟ್ರೆ ಅವರ ಗತಿ?”

“ನಿಮ್ಮ ಗಂಟಲು ಹೋಯ್ತು ಅಂತ ನನಗೆ ಸಿಟ್ಟಿಲ್ಲ. ಒಂದು ಮಾತು ಹೇಳಿದ್ರೆ ನಾವೇ ಹರಕೆ ಹೊತ್ಕೋತಿದ್ವಿ. ಅವನ ಹೆಸರು ಯಾಕೆ ಹೇಳಲಿಲ್ಲ? ಡೀಸೆಲ್ ಹೊಗೇಲಿ ಕೂರಿಸಿ, ಗಂಟಲು ಒಡೆಯೋ ತನಕ ಹಾಡಿಸಿ, ಈಗ ಮನೆಗೆ ಕಳಿಸೋ ಮಾತು.”

ಅವನು ನೆಲ ನೋಡಿದ. ಆಮೇಲೆ ಮುಖ ಎತ್ತಿ, “ಏಕನಾಥ ಹಾಡ್ತಾನೆ ಅಂತ ಬೋರ್ಡ್ ಹಾಕಿದ್ರೆ ನೀವು ಬರ್ತಿದ್ರಾ?” ಎಂದ.

ಬರುತ್ತಿದ್ದೆ ಎನ್ನಲು ಬಾಯಿ ತೆರೆದೆ. ಬಸ್ಸಿನಲ್ಲಿ ಏಕನಾಥ ಹಾಡುತ್ತಿದ್ದಾಗ, ಸಾಕು ನಿಲ್ಲಿಸೋ, ನಿಜವಾದ ಹಾಡನ್ನ ಸಂಜೆ ಕೇಳೋಣ ಎಂದವಳು ನಾನೇ. ಜಮದಗ್ನಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಅವನ ಮೇಲೆ ಇನ್ನಷ್ಟು ರೋಷ ಬಂತು.

“ನೀಲವ್ವ, ನೀವು ಇಲ್ಲಿ ಕೂತ್ಕೊಳ್ಳಿ” ಎಂದು ಅವಳನ್ನು ಗೂಡಿನಲ್ಲಿ ಕೂರಿಸಿ, ತಂಡದ ಬಸ್ಸಿನ ಕಡೆ ನಡೆದೆ. ಏಕನಾಥ ಹಿಂದಿನ ಸೀಟಿನಲ್ಲಿ ಕೂತು ಇಡ್ಲಿಯನ್ನು ಚಟ್ನಿಯಿಲ್ಲದೆ ತಿನ್ನುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ತಲೆ ಬಸ್ಸಿನ ಚಾವಣಿಗೆ ಬಡಿಯಿತು. ಏನು ಬೈಯಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಅವನ ಕತ್ತಿನ ಎಲುಬು ನೋಡಿ ಎಲ್ಲ ಮರೆತುಹೋಯಿತು.

“ಅಕ್ಕ, ಸಿಟ್ಟು ಮಾಡ್ಕೋಬೇಡ” ಎಂದ. “ಯಾರೂ ಬಲವಂತ ಮಾಡಿಲ್ಲ. ಅಣ್ಣ ನಮ್ಮಂಗಡಿಗೇ ಬಂದು ಕೇಳಿದ್ರು. ಜಮದಗ್ನಿ ಬಂದು ಕೈ ಮುಗಿದು ಕೇಳಿದ್ರೆ ನೀನಾದ್ರೂ ಇಲ್ಲ ಅಂತಿದ್ಯಾ? ಅವರ ಹಾಡು ನನ್ನ ಬಾಯಲ್ಲಿ. ಇನ್ನೇನು ಬೇಕು ನನಗೆ.”

“ನಾಯಿಗೂಡಿನಲ್ಲಿ ಕೂರಿಸಿದಾರಲ್ಲೋ.”

“ನನಗೆ ಅಭ್ಯಾಸ ಆಗಿದೆ. ಕಾಲು ಮಾತ್ರ ಜೋಮು ಹಿಡಿಯುತ್ತೆ.” ಅವನು ಕೆಮ್ಮಿದ. ಕೆಮ್ಮು ಬೇಗ ನಿಲ್ಲಲಿಲ್ಲ. “ಮಳೆಗಾಲದಲ್ಲಿ ರೆಸ್ಟ್ ಕೊಡ್ತಾರೆ. ಮುಂದಿನ ಟೂರಿಗೆ ಸರಿಹೋಗ್ತೀನಿ. ಅಣ್ಣ ಅಂದಿದಾರೆ, ನೀನಿಲ್ದೆ ತಂಡ ಇಲ್ಲ ಅಂತ.”

ಮೈಕಿನ ಜಾಗದಲ್ಲಿ ಕೇಳಿದ್ದನ್ನು ನಾನು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಕೈ ಹಿಡಿದು ಕರೆದುಕೊಂಡು ಬಂದೆ. ಅಷ್ಟು ಹೊತ್ತಿಗೆ ನೀಲವ್ವನ ಸುತ್ತ ಊರಿನ ಹೆಂಗಸರು ಒಬ್ಬೊಬ್ಬರೇ ಬಂದು ಕೂತಿದ್ದರು, ಸದ್ದಿಲ್ಲದೆ. ಪೈಪು ಹಿಡಿದವರು ಯಾರ ಮೇಲೆ ನೀರು ಬಿಡುವುದೆಂದು ತಿಳಿಯದೆ ಬೀಡಿ ಹಚ್ಚಿದ್ದರು. ಚಕ್ರಪಾಣಿ ಅವರನ್ನು ವೇದಿಕೆಯ ಮುಂಭಾಗಕ್ಕೆ ಓಡಿಸುತ್ತಿದ್ದ, ಕೊನೆಗೆ ಮೈಕಿನ ಜಾಗವನ್ನಾದರೂ ತೊಳೆಯಿರಿ ಎಂದು. ಸಾಲಿನಲ್ಲಿ ನಿಂತಿದ್ದವರು ಏಕನಾಥನ ಮುಖ ನೋಡಿದರು. ಯಾರು ಎಂದು ಯಾರೂ ಕೇಳಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅವನು ಸೀಮೆಸುಣ್ಣದ ಗುರುತಿನ ಮೇಲೆ ನಿಂತ. ಎರಡು ವರ್ಷದಲ್ಲಿ ಅವನು ಅಲ್ಲಿ ನಿಂತದ್ದು ಅದೇ ಮೊದಲು. ಮೊದಮೊದಲು ಅವನ ಮುಖದಲ್ಲಿ ನಾಚಿಕೆಯ ನಗೆಯಿತ್ತು. ಅದು ನಿಧಾನಕ್ಕೆ ಹೋಯಿತು. ಪಿಸುಮಾತು ಎಲ್ಲಿ ಬರುತ್ತದೆಂದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಅವನು ಕಣ್ಣು ತೆರೆದು ವೇದಿಕೆಯ ಕೆಳಗೆ ನಿಂತಿದ್ದ ಜಮದಗ್ನಿಯನ್ನು ನೋಡಿದ. ಜಮದಗ್ನಿ ಮಫ್ಲರನ್ನು ಮತ್ತೆ ಸುತ್ತಿಕೊಳ್ಳುತ್ತಿದ್ದ, ಸುತ್ತಿದ್ದನ್ನೇ ಸುತ್ತುತ್ತಿದ್ದ.

“ಅಣ್ಣ” ಎಂದ ಏಕನಾಥ. “ನನಗೇ ಹೇಳಬಹುದಿತ್ತು.”

ಅಷ್ಟೇ. ಜೋರಾಗಿ ಆಡಲಿಲ್ಲ. ಬಸ್ಸಿನಿಂದ ತನ್ನ ಚೀಲ ತಂದ, ನನ್ನ ಪಕ್ಕ ಬಂದು ನಿಂತ. ಜಮದಗ್ನಿ ಒಂದು ಹೆಜ್ಜೆ ಮುಂದಿಟ್ಟ, ಚಕ್ರಪಾಣಿ ಅವನ ತೋಳು ಹಿಡಿದ. ಮಧ್ಯಾಹ್ನದ ಹೊತ್ತಿಗೆ ತಂಡದ ಬಸ್ಸು ಹೊರಟಿತು. ಕುಮುದಾ ಅದರಲ್ಲೇ ಹೋದಳು. ತಂಡದವರೇ ಕರೆದರಂತೆ. ಸಂಜೆ ಬಾಳು ಬಂದು, ಗೂಡಿನ ಹಲಗೆ ಬಿಚ್ಚಿಸಿ, ಆ ಜಾಗದ ಸುತ್ತ ನಾಲ್ಕು ಕಂಬಕ್ಕೆ ಗುಂಡಿ ತೋಡಿಸಿದ. ಏಕನಾಥನನ್ನು ಕೇಳಿ, ಅವನು ಆಗಲಿ ಎಂದ ಮೇಲೆ.

ಏಕನಾಥ ಈಗ ನಮ್ಮ ಕನ್ನಡಕದ ಅಂಗಡಿಯಲ್ಲೇ ಇದ್ದಾನೆ. ಡಾಕ್ಟರು ಹಾಡಬೇಡ ಎಂದಿದ್ದಾರೆ, ಎಲ್ಲಿಯವರೆಗೆ ಎಂದು ಹೇಳಿಲ್ಲ. ಹೊಗೆ ಗಂಟಲಿನ ಒಳಗೇ ಹುಣ್ಣು ಮಾಡಿದೆಯಂತೆ. ಗಿರಾಕಿಗಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾನೆ. ‘ತಗಡು’ ತಂಡದ ಹೊಸ ಟೂರಿನ ಪೋಸ್ಟರನ್ನು ಅಂಗಡಿಯ ಎದುರಿನ ಗೋಡೆಗೇ ಅಂಟಿಸಿದ್ದರು. ಅವನು ನೋಡಿ, ಕನ್ನಡಕ ಒರೆಸುತ್ತ ಹೋದ. ಸುಮ್ಮನಿರಲು ನನ್ನಿಂದಾಗಲಿಲ್ಲ. ಆ ವಾರವೇ ಕುಮುದಾ ಫೋನು ಮಾಡಿದಳು.

“ನೀನು ತಪ್ಪಿಸ್ಕೊಂಡೆ ಪದ್ಮಾ. ಈ ಸಲ ಜಮದಗ್ನಿ ಇನ್ನೂ ಚೆನ್ನಾಗಿ ಹಾಡ್ತಿದಾನೆ.”

“ಯಾರು ಹಾಡ್ತಿರೋದು ಅಂತ ಕೇಳಿದ್ಯಾ?”

“ಕೇಳಿ ಏನಾಗಬೇಕು” ಎಂದಳು ಕುಮುದಾ.

ಮುಂದಿನ ಶನಿವಾರ ರಜೆ ಹಾಕಿದೆ. ಏಕನಾಥ ಬಸ್‌ಸ್ಟ್ಯಾಂಡಿನ ತನಕ ಬಂದ. “ಬೇಡ ಅಕ್ಕ. ಈಗ ಗೂಡಲ್ಲಿರೋನ ಅನ್ನ ಹೋಗುತ್ತೆ” ಎಂದ.

“ಹೆಸರು ಕೇಳ್ತೀನಿ, ಅಷ್ಟೆ. ಹೇಳೋದು ಬಿಡೋದು ಅವನಿಗೆ ಬಿಟ್ಟಿದ್ದು” ಎಂದೆ.

ಅದು ದೊಡ್ಡ ಊರು, ದೊಡ್ಡ ಮೈದಾನ. ಜನ ಕುಣಿಯುತ್ತಿದ್ದರು, ಅರಚುತ್ತಿದ್ದರು. ನಾನು ಮುಂದಿನ ಸಾಲಿಗೆ ಹೋಗಲಿಲ್ಲ. ಬೇಲಿ ಸುತ್ತಿ ಜನರೇಟರಿನ ಕಡೆ ಹೋದೆ. ಕಾವಲಿನವನು ಹಾಡು ಕೇಳಲು ಮುಂದಕ್ಕೆ ಹೋಗಿದ್ದ. ಗೂಡು ಹೊಸದು, ಅದರ ಬಾಗಿಲಿಗೆ ಇಳಿಬಿಟ್ಟ ಬಟ್ಟೆಯೂ ಹೊಸದು. ‘ಸಾಕು’ ಶುರುವಾಗಿತ್ತು. ಬಟ್ಟೆ ಸರಿಸಿದೆ. ಒಳಗೆ ಒಬ್ಬ, ಹೆಗಲ ಮೇಲೆ ಟವೆಲ್ಲು, ಕಣ್ಣು ಮುಚ್ಚಿ ಹಾಡುತ್ತಿದ್ದ. ಚೆನ್ನಾಗಿಯೇ ಹಾಡುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಕೊನೆಯ ಸಲಕ್ಕೆ ಮುಂಚೆ ಅವನೂ ಉಸಿರು ಹಿಡಿದು ತಡೆದ.

“ನಿನ್ನ ಹೆಸರೇನಪ್ಪ?” ಎಂದು ಕೇಳಿದೆ.

ಅವನು ಕಣ್ಣು ತೆರೆದ. ಡ್ರಮ್ಮು ಬಡಿಯುತ್ತಲೇ ಇತ್ತು. ಪರದೆಯ ಸಂದಿಯಿಂದ ಜಮದಗ್ನಿಯ ಬೆನ್ನು ಕಾಣುತ್ತಿತ್ತು. ಎತ್ತಿದ ಕೈ ಎತ್ತಿದ ಹಾಗೇ ಇತ್ತು.

“ಯಾಕ್ರೀ?” ಎಂದ ಅವನು. ಆ ಮಾತು ಸ್ಪೀಕರುಗಳಲ್ಲಿ ಮೈದಾನದ ತುಂಬ ಹೋಯಿತು.

“ಚೆನ್ನಾಗಿ ಹಾಡ್ತೀಯ. ಅದಕ್ಕೆ.”

ಅವನು ನನ್ನನ್ನು ನೋಡಿದ, ಮೈಕನ್ನು ನೋಡಿದ. ಡ್ರಮ್ಮು ಒಂದೆರಡು ಏಟು ತಪ್ಪಿ ನಿಂತಿತು.

“ಯಲ್ಲೇಶ” ಎಂದ.

ಮೈದಾನದ ಯಾವುದೋ ಮೂಲೆಯಿಂದ ಒಬ್ಬರು, “ಯಾರು?” ಎಂದು ಕೂಗಿದರು. ಅವನು ಟವೆಲ್ಲಿನಿಂದ ಬಾಯಿ ಒರೆಸಿಕೊಂಡ, ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ, ಯಾರೂ ಮತ್ತೆ ಕೇಳುವ ಹಾಗಿಲ್ಲದಷ್ಟು ಸ್ಪಷ್ಟವಾಗಿ ತನ್ನ ಹೆಸರು ಹೇಳಿದ.